ಬೆಳಕು ಹಿಡಿಯುವವರ ಹರಟೆ

ಮನುಷ್ಯನಿಗೆ ಹೊಟ್ಟೆಪಾಡಿಗೆ ಒಂದು ಕೆಲಸವಾದರೆ ಮನಸ್ಸಿನ ನೆಮ್ಮದಿಗೆ ಮತ್ತೊಂದು ಕೆಲಸ ಬೇಕು. ಇದನ್ನೇ ಬಲ್ಲವರು ಹವ್ಯಾಸವೆಂದು ಕರೆದಿದ್ದಾರೆ. ಕೆಲವರು ಅಂಚೆಚೀಟಿಗಳನ್ನು ಕೂಡಿಡುತ್ತಾರೆ; ಕೆಲವರು ಹಿತ್ತಲಿನಲ್ಲಿ ಗುಲಾಬಿ ಬೆಳೆಯುತ್ತಾರೆ; ಇನ್ನು ಕೆಲವರು ಸಂಜೆಯಾಯಿತೆಂದರೆ ಹಾರ್ಮೋನಿಯಂ ತೆಗೆದು ಕುಳಿತುಬಿಡುತ್ತಾರೆ. ಇವರನ್ನು ಕಂಡು ಯಾರೂ ಬೆರಗಾಗುವುದಿಲ್ಲ. ಆದರೆ ನಸುಕಿನಲ್ಲಿ ಎದ್ದು, ಹೆಗಲಿಗೆ ಚೀಲವೇರಿಸಿ, ಬಂಡೆಯೊಂದರ ಎದುರು ಬಿಸಿಲಿಗಾಗಿ ಕಾದು ನಿಂತ ಮನುಷ್ಯನನ್ನು ಕಂಡರೆ ದಾರಿಹೋಕರು ತಿರುಗಿ ನೋಡದೆ ಹೋಗುವುದಿಲ್ಲ. ಅದರಲ್ಲಿಯೂ ಬಳ್ಳಾರಿಯಂತಹ ಊರಿನಲ್ಲಿ ಬಿಸಿಲಿಗಾಗಿ ಕಾಯುವುದೆಂದರೇನು? ಅಲ್ಲಿ ಬಿಸಿಲೇ ಮನುಷ್ಯನನ್ನು ಹುಡುಕಿಕೊಂಡು ಬರುತ್ತದೆ!

ಹೀಗೆ ಕಾಯುವವರೇ ಹವ್ಯಾಸಿ ಛಾಯಾಗ್ರಾಹಕರು. ಬಳ್ಳಾರಿ ನಗರದಲ್ಲಿಯೂ, ಅದರ ಉತ್ತರಕ್ಕೆ ತುಂಗಭದ್ರೆಯ ಸೀಮೆಯಲ್ಲಿರುವ ಸಿರುಗುಪ್ಪದಲ್ಲಿಯೂ, ಬಂಡೆಗಲ್ಲಿನ ಬೆಟ್ಟಗಳ ನಡುವೆ ಇರುವ ಕುರುಗೋಡಿನಲ್ಲಿಯೂ ಈ ಮಂದಿ ಉಂಟು. ತಿಂಗಳಿಗೊಮ್ಮೆ, ಎರಡು ತಿಂಗಳಿಗೊಮ್ಮೆ ನಾಲ್ಕೈದು ಜನ ಒಂದೆಡೆ ಸೇರುತ್ತಾರೆ. ಬೆಳಿಗ್ಗೆ ಕೋಟೆಯ ಗುಡ್ಡವನ್ನೋ ಗದ್ದೆಯ ಬಯಲನ್ನೋ ಸುತ್ತಿ ಚಿತ್ರ ತೆಗೆಯುತ್ತಾರೆ. ಬಿಸಿಲು ಏರಿದ ಮೇಲೆ ನೆರಳು ಹುಡುಕಿ, ಮಂಡಕ್ಕಿ ಒಗ್ಗರಣೆ, ಮೆಣಸಿನಕಾಯಿ ಬಜ್ಜಿಯ ತಟ್ಟೆಗಳನ್ನು ಮುಂದಿಟ್ಟುಕೊಂಡು ಹರಟೆಗೆ ತೊಡಗುತ್ತಾರೆ. ನಿಜ ಹೇಳಬೇಕೆಂದರೆ, ಚಿತ್ರ ತೆಗೆಯುವುದಕ್ಕಿಂತ ಈ ಹರಟೆಗೆ ಅವರು ವ್ಯಯಿಸುವ ಸಮಯವೇ ಹೆಚ್ಚು.

ಅಂತಹ ಒಂದು ಕೂಟದಲ್ಲಿ ಐವರಿದ್ದಾರೆ. ಒಬ್ಬರು ಎಂಬತ್ತು ದಾಟಿದ ಹಿರಿಯರು. ಹಿಂದೆ ಬಳ್ಳಾರಿಯಲ್ಲಿ ಸ್ಟುಡಿಯೋ ನಡೆಸುತ್ತಿದ್ದವರು. ಎಲ್ಲರೂ ಅವರನ್ನು ತಾತ ಎಂದೇ ಕರೆಯುತ್ತಾರೆ. ಇನ್ನೊಬ್ಬರು ಕುರುಗೋಡಿನ ನಿವೃತ್ತ ಮೇಷ್ಟರು. ಮೂರನೆಯವರು ಸಿರುಗುಪ್ಪದ ಕಡೆಯ ರೈತರು. ಭತ್ತದ ಗದ್ದೆಗೆ ನೀರು ಹಾಯಿಸಿ ಉಳಿದ ಹೊತ್ತಿನಲ್ಲಿ ಬೆಳ್ಳಕ್ಕಿಗಳ ಚಿತ್ರ ತೆಗೆಯುವವರು. ನಾಲ್ಕನೆಯವರು ಬ್ಯಾಂಕಿನಲ್ಲಿ ಕೆಲಸಮಾಡುವ ಒಬ್ಬ ಅಕ್ಕನವರು. ಐದನೆಯವನು ಕಂಪ್ಯೂಟರು ದುರಸ್ತಿಯ ಅಂಗಡಿ ಇಟ್ಟಿರುವ ತರುಣ. ಉಳಿದ ನಾಲ್ವರಿಗೂ ಅವನ ಮೇಲೆ ವಿಶೇಷ ಪ್ರೀತಿ. ಅದಕ್ಕೆ ಕಾರಣ ಅವನ ಕಲೆಯಷ್ಟೇ ಅಲ್ಲವೆಂಬುದು ಮುಂದೆ ತಿಳಿಯುತ್ತದೆ.

ಮಾತು ಸಾಮಾನ್ಯವಾಗಿ ಆರಂಭವಾಗುವುದು ಕ್ಯಾಮೆರಾದಿಂದ. ತಾತನವರ ಹೆಮ್ಮೆ ಎರಡು ಕಣ್ಣಿನ ಯಾಶಿಕಾ. ಅದರ ಮೇಲಿನ ಕಣ್ಣು ನೋಡುವುದಕ್ಕೆ, ಕೆಳಗಿನ ಕಣ್ಣು ಚಿತ್ರ ಹಿಡಿಯುವುದಕ್ಕೆ. ಅದನ್ನು ಎದೆಯ ಮಟ್ಟಕ್ಕೆ ಹಿಡಿದು, ತಲೆ ತಗ್ಗಿಸಿ, ಮೇಲಿನ ಗಾಜಿನಲ್ಲಿ ನೋಡಬೇಕು. ಎಡಗಡೆ ಇರುವುದು ಬಲಗಡೆ ಕಾಣುತ್ತದೆ, ಬಲಗಡೆ ಇರುವುದು ಎಡಗಡೆ. "ಈ ಕ್ಯಾಮೆರಾ ಮೊದಲು ಕಲಿಸಿದ್ದೇ ತಲೆ ಬಾಗಿಸುವುದನ್ನು. ಎದುರಿಗಿರುವವರಿಗೆ ನಮಸ್ಕಾರ ಮಾಡದೆ ಚಿತ್ರವೇ ಬರುತ್ತಿರಲಿಲ್ಲ" ಎಂದು ಅವರು ನಗುತ್ತಾರೆ. ಅದರ ಸುರುಳಿ ಫಿಲ್ಮಿನಲ್ಲಿ ಹನ್ನೆರಡೇ ಚಿತ್ರ. ಮದುವೆಯೊಂದಕ್ಕೆ ಎರಡು ಸುರುಳಿ ಒಯ್ದರೆ ಇಪ್ಪತ್ತನಾಲ್ಕು. ಧಾರೆಗೆ ಎಷ್ಟು, ಆರತಿಗೆ ಎಷ್ಟು, ಬೀಗರ ಗುಂಪಿಗೆ ಎಷ್ಟು ಎಂದು ಮನೆಯಿಂದಲೇ ಲೆಕ್ಕ ಹಾಕಿಕೊಂಡು ಹೊರಡಬೇಕಾಗಿತ್ತು.

ಮೇಷ್ಟರದು ಆಗ್‌ಫಾ ಕ್ಲಿಕ್ ತ್ರೀ. ಮೊದಲ ಸಂಬಳದಲ್ಲಿ ಉಳಿಸಿದ ಹಣದಿಂದ ಕೊಂಡದ್ದು. ಅದರಲ್ಲಿ ತಿರುಗಿಸುವ ಗುಂಡಿಗಳು ಹೆಚ್ಚಿರಲಿಲ್ಲವಾದುದರಿಂದ ತಪ್ಪುಮಾಡಲು ಅವಕಾಶವೂ ಕಡಮೆ. ಬಿಸಿಲು ಇದ್ದರೆ ಚಿತ್ರ ಬಂದಿತು, ಇಲ್ಲದಿದ್ದರೆ ಇಲ್ಲ. ಅಂದಿನ ದಿನಗಳಲ್ಲಿ ಉದಕಮಂಡಲದ ಹಿಂದೂಸ್ಥಾನ್ ಫೋಟೋ ಫಿಲ್ಮ್ಸ್ ಎಂಬ ಸರಕಾರಿ ಕಾರ್ಖಾನೆ ತಯಾರಿಸುತ್ತಿದ್ದ 'ಇಂದು' ಎಂಬ ಕಪ್ಪುಬಿಳುಪು ಫಿಲ್ಮು ಅಂಗಡಿಗಳಲ್ಲಿ ದೊರೆಯುತ್ತಿತ್ತು. ಇಂದು ಆ 'ಇಂದು' ಇಲ್ಲ, ಕಾರ್ಖಾನೆಯೂ ಮುಚ್ಚಿಹೋಗಿದೆ. ರೈತರದು ಸೋವಿಯತ್ ದೇಶದಿಂದ ಬಂದ ಝೆನಿತ್. ಅದರ ತೂಕದ ವಿಷಯದಲ್ಲಿ ಎಲ್ಲರೂ ಅವರನ್ನು ಹಾಸ್ಯಮಾಡುತ್ತಾರೆ. "ಇದರಿಂದ ಕಳ್ಳನಿಗೆ ಒಂದು ಕೊಟ್ಟರೆ ಕ್ಯಾಮೆರಾಕ್ಕೆ ಏನೂ ಆಗುವುದಿಲ್ಲ, ಕಳ್ಳನನ್ನು ಮಾತ್ರ ದುರಸ್ತಿಗೆ ಒಯ್ಯಬೇಕಾಗುತ್ತದೆ" ಎಂಬುದು ಅವರ ಸಮರ್ಥನೆ.

ತರುಣನ ಬಳಿ ಇರುವುದು ಡಿಜಿಟಲ್ ಕ್ಯಾಮೆರಾ. ಒಂದು ಬೆಳಗಿನಲ್ಲಿ ಅವನು ಆರುನೂರು ಚಿತ್ರ ತೆಗೆದು, ಮನೆಗೆ ಹೋಗಿ ಐನೂರ ತೊಂಬತ್ತನ್ನು ಅಳಿಸುತ್ತಾನೆ. ಇದು ತಾತನವರಿಗೆ ಅರ್ಥವಾಗದ ಸಂಗತಿ. "ಅಪ್ಪಾ, ಅಳಿಸುವುದಕ್ಕಾಗಿ ಏಕೆ ತೆಗೆಯುತ್ತೀ? ನೋಡಿ ತೆಗೆ, ತೆಗೆದು ನೋಡಬೇಡ" ಎನ್ನುತ್ತಾರೆ. ಹುಡುಗನೂ ಬಿಡುವವನಲ್ಲ. ಫಿಲ್ಮು ಬೇಡದ ಕ್ಯಾಮೆರಾವನ್ನು ಮೊದಲು ಮಾಡಿದವರು ಫಿಲ್ಮು ಮಾರುವ ಕಂಪನಿಯವರೇ ಎಂದು ಉತ್ತರಿಸುತ್ತಾನೆ. ಮಾತು ಸತ್ಯವಾದುದೇ. 1975ರಲ್ಲಿ ಅಮೆರಿಕದ ಕೊಡಕ್ ಸಂಸ್ಥೆಯ ಸ್ಟೀವನ್ ಸ್ಯಾಸನ್ ಎಂಬ ತರುಣ ಎಂಜಿನಿಯರು ಅಂತಹ ಯಂತ್ರವನ್ನು ರಚಿಸಿದರು. ಅದು ಒಂದು ಚಿತ್ರವನ್ನು ಕ್ಯಾಸೆಟ್ಟಿನ ಟೇಪಿನ ಮೇಲೆ ಬರೆದುಕೊಳ್ಳಲು 23 ಸೆಕೆಂಡು ತೆಗೆದುಕೊಳ್ಳುತ್ತಿತ್ತು. ಮುಂದೆ ಅದರ ಸಂತತಿಯೇ ಫಿಲ್ಮಿನ ವ್ಯಾಪಾರವನ್ನು ನುಂಗಿತು; 2012ರಲ್ಲಿ ಕೊಡಕ್ ಸಂಸ್ಥೆ ದಿವಾಳಿಯ ಅರ್ಜಿ ಸಲ್ಲಿಸಬೇಕಾಯಿತು.

ಈ ವಾದ ಬಿಸಿಯೇರುತ್ತಿರುವಾಗ ಬ್ಯಾಂಕಿನ ಅಕ್ಕನವರು ಸುಮ್ಮನೆ ತಮ್ಮ ಮೊಬೈಲನ್ನು ಮುಂದೆ ಹಿಡಿಯುತ್ತಾರೆ. ಅದರಲ್ಲಿ ಕುಂಬಾರ ಗುಡ್ಡದ ಚಿತ್ರ. ಬಳ್ಳಾರಿಯ ಕೋಟೆಯ ಗುಡ್ಡಕ್ಕೆ ಎದುರಾಗಿರುವ ಈ ಗುಡ್ಡವು ಒಂದು ದಿಕ್ಕಿನಿಂದ ನೋಡಿದರೆ ಮನುಷ್ಯನ ಮುಖದಂತೆ ಕಾಣುತ್ತದೆ. ಕೋಟೆಯನ್ನು ಭದ್ರಪಡಿಸಿದ ಫ್ರೆಂಚ್ ಎಂಜಿನಿಯರನು ಈ ಗುಡ್ಡವೇ ಎತ್ತರವಾಗಿದೆಯೆಂಬುದನ್ನು ಗಮನಿಸದೆ ಹೋದುದಕ್ಕಾಗಿ ಹೈದರಾಲಿ ಅವನನ್ನು ಗಲ್ಲಿಗೇರಿಸಿದನೆಂಬ ಐತಿಹ್ಯವೂ ಊರಿನಲ್ಲಿದೆ. ಅಕ್ಕನವರ ಚಿತ್ರದಲ್ಲಿ ಆ ಕಲ್ಲಿನ ಹಣೆಯ ಮೇಲೆ ಬೆಳಗಿನ ಮೊದಲ ಕಿರಣ ಬಿದ್ದು, ಗುಡ್ಡವು ಆಗತಾನೆ ಎಚ್ಚರಗೊಂಡಂತಿದೆ. ನಾಲ್ವರೂ ಒಂದು ಗಳಿಗೆ ಮಾತನಾಡುವುದಿಲ್ಲ. "ಕಚೇರಿಗೆ ಹೋಗುವಾಗ ಬಸ್ಸು ನಿಂತಿತ್ತು, ತೆಗೆದೆ" ಎಂದು ಅವರು ಹೇಳಿದಾಗ ಕ್ಯಾಮೆರಾಗಳ ವಾದ ಅಲ್ಲಿಗೇ ನಿಲ್ಲುತ್ತದೆ. ಯಂತ್ರ ಯಾವುದಾದರೇನು, ಎಲ್ಲಿ ನಿಲ್ಲಬೇಕು, ಯಾವಾಗ ನೋಡಬೇಕು ಎಂಬುದನ್ನು ಅದು ತಿಳಿಸಿಕೊಡಲಾರದು.

ಕ್ಯಾಮೆರಾಗಳ ಮಾತು ಮುಗಿದ ಮೇಲೆ ಬಾಲ್ಯದ ನೆನಪುಗಳು ಬರುತ್ತವೆ. ಮೇಷ್ಟರು ಕುರುಗೋಡಿನ ಜಾತ್ರೆಯನ್ನು ವರ್ಣಿಸಲಾರಂಭಿಸುತ್ತಾರೆ. ಅಲ್ಲಿಯ ದೊಡ್ಡ ಬಸವೇಶ್ವರನ ಗುಡಿಯಲ್ಲಿ ಏಕಶಿಲೆಯಲ್ಲಿ ಕಡೆದ, ಸುಮಾರು 12 ಅಡಿ ಎತ್ತರದ ಬಸವನಿದ್ದಾನೆ. ತೇರಿನ ದಿನಗಳಲ್ಲಿ ಊರೂರು ತಿರುಗುವ ಫೋಟೋದವರು ಬಂದು, ಗುಡಿಯ ಬಳಿ ಪರದೆ ಕಟ್ಟುತ್ತಿದ್ದರು. ಪರದೆಯ ಮೇಲೆ ಅರಮನೆ, ಕಾರಂಜಿ, ಒಂದು ವಿಮಾನ! ಹೊಲದ ಮಣ್ಣು ಮೆತ್ತಿದ ಕಾಲುಗಳಲ್ಲೇ ಜನ ಆ ಅರಮನೆಯ ಮುಂದೆ ನಿಲ್ಲುತ್ತಿದ್ದರು. ಫೋಟೋದವರು ಕಪ್ಪುಬಟ್ಟೆಯೊಳಗೆ ತಲೆ ತೂರಿಸಿ "ಅಲುಗಬೇಡಿ" ಎಂದು ಕೂಗಿದ ಕೂಡಲೇ ಮಕ್ಕಳಿಗೆ ಕೆಮ್ಮು ಬರುತ್ತಿತ್ತು. ಮೇಷ್ಟರ ಮೊದಲ ಚಿತ್ರದಲ್ಲಿ ಅವರಿಗೆ ಎರಡು ತಲೆಗಳಿವೆ. ಒಂದು ಮೊದಲಿನದು, ಇನ್ನೊಂದು ಅಲುಗಿದ ಮೇಲಿನದು. "ಪಾಠ ಮಾಡುವಾಗ ಎರಡೂ ತಲೆಗಳು ಬೇಕಾದವು" ಎಂದು ಅವರು ಸೇರಿಸುತ್ತಾರೆ.

ತಾತನವರು ಕತ್ತಲೆಕೋಣೆಯ ನೆನಪುಗಳನ್ನು ಬಿಚ್ಚುತ್ತಾರೆ. ಬೇಸಿಗೆಯಲ್ಲಿ ಉಷ್ಣತೆ 40 ಡಿಗ್ರಿ ದಾಟುವ ಬಳ್ಳಾರಿಯಲ್ಲಿ, ಕಿಟಕಿಗಳೆಲ್ಲವನ್ನೂ ಮುಚ್ಚಿದ ಕೋಣೆಯೊಳಗೆ, ಕೆಂಪು ದೀಪದ ಕೆಳಗೆ ಬೆವರುತ್ತ ನಿಲ್ಲುವುದು ತಪಸ್ಸೇ ಸರಿ. ದ್ರಾವಣ ಬಿಸಿಯಾದರೆ ಫಿಲ್ಮಿನ ಮೇಲಿನ ಲೇಪ ಮೆತ್ತಗಾಗಿ ಕಿತ್ತುಬರುತ್ತದೆ. ಆದುದರಿಂದ ತಟ್ಟೆಗಳನ್ನು ಮಂಜುಗಡ್ಡೆಯ ನಡುವೆ ಇಟ್ಟು ಕೆಲಸ ಮಾಡುತ್ತಿದ್ದರು. ಮನೆಯವರಿಗೆ ಕುಡಿಯಲು ತಣ್ಣೀರಿಲ್ಲದಿದ್ದರೂ ನೆಗೆಟಿವ್‌ಗಳಿಗೆ ಮಂಜುಗಡ್ಡೆ ಬರುತ್ತಿತ್ತಂತೆ! ಬಿಳಿಯ ಕಾಗದವನ್ನು ದ್ರಾವಣದಲ್ಲಿ ಅದ್ದಿ ಮೆಲ್ಲಗೆ ಅಲುಗಿಸುತ್ತಿದ್ದಂತೆ ಮೊದಲು ಕೂದಲು, ಆಮೇಲೆ ಕಣ್ಣು, ಕೊನೆಗೆ ಮುಖ ಮೂಡಿಬರುತ್ತಿದ್ದ ಆ ಸಂತೋಷವನ್ನು ಸಾವಿರ ಸಲ ಕಂಡರೂ ತಮಗೆ ಬೇಸರವಾಗಲಿಲ್ಲವೆಂದು ಅವರು ಹೇಳುತ್ತಾರೆ.

ಇನ್ನು ಕಂಪ್ಯೂಟರಿನ ಸರದಿ. ಇಲ್ಲಿ ಹರಟೆಯು ಆಸ್ಪತ್ರೆಯ ಹೊರರೋಗಿ ವಿಭಾಗದಂತಾಗುತ್ತದೆ. ಒಬ್ಬೊಬ್ಬರೂ ತಮ್ಮ ಯಂತ್ರದ ರೋಗಲಕ್ಷಣಗಳನ್ನು ಹೇಳತೊಡಗುತ್ತಾರೆ. ತರುಣನು ವೈದ್ಯನಂತೆ ತಲೆಯಾಡಿಸುತ್ತಾನೆ. ಮೇಷ್ಟರ ಕಂಪ್ಯೂಟರು ಗಿರಣಿಯಂತೆ ಸದ್ದುಮಾಡುತ್ತದೆ. ಪೆಟ್ಟಿಗೆ ಬಿಚ್ಚಿ ನೋಡಿದರೆ ಒಳಗಿನ ಫ್ಯಾನಿನ ರೆಕ್ಕೆಗಳ ಮೇಲೆ ಬೆರಳುದ್ದ ಕೆಂಧೂಳು. ಅಕ್ಕನವರು ಪೆನ್ ಡ್ರೈವನ್ನು ಎಲ್ಲಿಯೋ ಚುಚ್ಚಿ ತಂದ ದಿನದಿಂದ ಅವರ ಚಿತ್ರಗಳೆಲ್ಲ ಮಾಯವಾಗಿ, ಅವುಗಳ ಜಾಗದಲ್ಲಿ ತೆರೆಯಲಾಗದ ಬಾಣದ ಗುರುತುಗಳು ಕುಳಿತಿವೆ. ಅದು ಒಂದು ವೈರಸ್ಸಿನ ಚೇಷ್ಟೆ. ಚಿತ್ರಗಳು ಅಳಿಯದೆ ಅಲ್ಲಿಯೇ ಅಡಗಿರುತ್ತವೆ ಎಂದು ಅವನು ಧೈರ್ಯ ಹೇಳುತ್ತಾನೆ. ಎಲ್ಲ ವೈರಸ್ಸುಗಳೂ ಇಷ್ಟು ಸಾಧುವಲ್ಲ. 1999ರ ಏಪ್ರಿಲ್ 26ರಂದು ಸಿ.ಐ.ಎಚ್. ಎಂಬ ವೈರಸ್ಸು ಜಗತ್ತಿನಾದ್ಯಂತ ಎಷ್ಟೋ ಕಂಪ್ಯೂಟರುಗಳಲ್ಲಿದ್ದ ಮಾಹಿತಿಯನ್ನು ಒಂದೇ ದಿನದಲ್ಲಿ ಹಾಳುಮಾಡಿತು.

ಮೇಷ್ಟರಿಗೆ ಇನ್ನೊಂದು ಸಂಕಟ. ಅವರು ಇಪ್ಪತ್ತು ವರ್ಷಗಳ ಹಿಂದೆ ಪ್ರತಿಯೊಂದು ಚಿತ್ರಕ್ಕೂ ಕನ್ನಡದಲ್ಲಿ ವಿವರಣೆ ಬರೆದಿಟ್ಟಿದ್ದರು. ಈಗ ಆ ಕಡತ ತೆರೆದರೆ ಅಲ್ಲಿ ಕನ್ನಡವೇ ಇಲ್ಲ. ಇಂಗ್ಲಿಷ್ ಅಕ್ಷರಗಳೂ ವಿಚಿತ್ರ ಚಿಹ್ನೆಗಳೂ ಸಂತೆಯಲ್ಲಿ ಸೇರಿದಂತೆ ಸೇರಿವೆ. ಹಳೆಯ ಅಕ್ಷರವಿನ್ಯಾಸಗಳು ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಮನೆಗಳಲ್ಲಿ ಕನ್ನಡದ ಆಕಾರಗಳನ್ನು ಕೂರಿಸುತ್ತಿದ್ದುವು. ಆ ವಿನ್ಯಾಸವಿಲ್ಲದ ಯಂತ್ರಕ್ಕೆ ಕನ್ನಡ ಕಾಣದು. ಯೂನಿಕೋಡ್ ವ್ಯವಸ್ಥೆಯಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ ತನ್ನದೇ ಸಂಖ್ಯೆಯುಂಟು. ಅದರಲ್ಲಿ ಬರೆದುದನ್ನು ಎಲ್ಲಿ ತೆರೆದರೂ ಓದಬಹುದು. "ಹಾಗಾದರೆ ನನ್ನ ಇಪ್ಪತ್ತು ವರ್ಷ ಬಾಡಿಗೆ ಮನೆಯಲ್ಲಿತ್ತು ಎನ್ನು" ಎಂದು ಮೇಷ್ಟರು ನಿಟ್ಟುಸಿರುಬಿಟ್ಟರೆ, ಅದನ್ನು ಸ್ವಂತ ಮನೆಗೆ ಸಾಗಿಸುವ ತಂತ್ರಾಂಶ ಇದೆಯೆಂದು ಹುಡುಗ ಸಮಾಧಾನಪಡಿಸುತ್ತಾನೆ.

ಹೀಗೆ ನಗುನಗುತ್ತ ಸಾಗುತ್ತಿದ್ದ ಹರಟೆಯಲ್ಲಿ ಒಂದು ಭಾನುವಾರ ರೈತರು ಮಾತ್ರ ಮೌನವಾಗಿದ್ದರು. ಬಜ್ಜಿಯ ತಟ್ಟೆಯನ್ನೂ ಮುಟ್ಟಲಿಲ್ಲ. ಬಹಳ ಹೊತ್ತಿನ ಮೇಲೆ ಚೀಲದಿಂದ ಒಂದು ಹಾರ್ಡ್ ಡಿಸ್ಕನ್ನು ತೆಗೆದು ಹುಡುಗನ ಮುಂದಿಟ್ಟರು. "ಮೇಜಿನಿಂದ ಬಿದ್ದಿತು. ಈಗ ಟಿಕ್ ಟಿಕ್ ಎನ್ನುತ್ತದೆ, ತೆರೆಯುವುದಿಲ್ಲ. ಇದರಲ್ಲಿ ನಮ್ಮ ಅವ್ವನ ಫೋಟೋ ಇದೆಯಪ್ಪಾ" ಎಂದರು.

ಅವರ ತಾಯಿಯವರು ತೀರಿಕೊಂಡು ಬಹಳ ವರ್ಷಗಳಾಗಿದ್ದುವು. ಅವರದೆಂದು ಇದ್ದುದು ಒಂದೇ ಚಿತ್ರ. ಸ್ಟುಡಿಯೋದಲ್ಲಿ ಕುರ್ಚಿಯ ಮೇಲೆ ಕೂರಿಸಿ ತೆಗೆದದ್ದು. ಗೋಡೆಯಲ್ಲಿದ್ದ ಆ ಚಿತ್ರಕ್ಕೆ ಗೆದ್ದಲು ಹತ್ತಿದಾಗ ಅದನ್ನು ಸ್ಕ್ಯಾನ್ ಮಾಡಿಸಿ ಡಿಸ್ಕಿನಲ್ಲಿ ಇಟ್ಟಿದ್ದರು. ಇನ್ನು ಭಯವಿಲ್ಲವೆಂದು ನಂಬಿ, ಗೆದ್ದಲು ತಿಂದು ಉಳಿದಿದ್ದ ಕಾಗದವನ್ನು ಹೊಳೆಗೆ ಬಿಟ್ಟಿದ್ದರು.

ಹುಡುಗನು ಡಿಸ್ಕನ್ನು ಕಿವಿಯ ಹತ್ತಿರ ಹಿಡಿದು ಆಲಿಸಿದನು. ಕಂಪ್ಯೂಟರಿನಲ್ಲಿ ಕಡತವೊಂದನ್ನು ಕೈತಪ್ಪಿ ಅಳಿಸಿದರೆ ಅನೇಕ ವೇಳೆ ಅದು ಪೂರ್ತಿ ಅಳಿದಿರುವುದಿಲ್ಲ. ಯಂತ್ರವು ಅದರ ವಿಳಾಸವನ್ನಷ್ಟೇ ಹೊಡೆದುಹಾಕಿರುತ್ತದೆ. ಅದರ ಮೇಲೆ ಬೇರೇನನ್ನೂ ಬರೆಯದಿದ್ದರೆ ಹುಡುಕಿ ತೆಗೆಯಬಹುದು. ಆದರೆ ಇದು ಅಂತಹ ರೋಗವಾಗಿರಲಿಲ್ಲ. ಡಿಸ್ಕಿನೊಳಗೆ ಕನ್ನಡಿಯಂತಹ ಬಿಲ್ಲೆಗಳು ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುತ್ತಿರುತ್ತವೆ. ಅವುಗಳನ್ನು ಓದುವ ತಲೆಯು ಕೂದಲೆಳೆಗಿಂತಲೂ ಬಹಳ ಕಡಮೆ ಅಂತರದಲ್ಲಿ, ಮುಟ್ಟದೆ ತೇಲುತ್ತಿರಬೇಕು. ಬಿದ್ದ ಪೆಟ್ಟಿಗೆ ಆ ತಲೆ ಬಿಲ್ಲೆಯನ್ನು ತಾಗಿ ಗೀಚಿದ್ದಿತು. ಹುಡುಗನು ಬಲ್ಲ ಉಪಾಯಗಳೆಲ್ಲವನ್ನೂ ಮಾಡಿ ನೋಡಿದನು. ದೊಡ್ಡ ಊರಿನ ಪರಿಣತರಿಗೂ ಕಳುಹಿಸಿದನು. ಫಲವಾಗಲಿಲ್ಲ.

ಮುಂದಿನ ಕೂಟದಲ್ಲಿ ಈ ಸುದ್ದಿಯನ್ನು ಕೇಳಿದ ತಾತನವರು ಏನೂ ಹೇಳದೆ ಎದ್ದು ಎಲ್ಲರನ್ನೂ ಮನೆಗೆ ಕರೆದೊಯ್ದರು. ಅಟ್ಟದ ಮೇಲಿನಿಂದ ತಗಡಿನ ಟ್ರಂಕೊಂದನ್ನು ಇಳಿಸಿದರು. ಅದರ ತುಂಬ ಕಾಗದದ ಲಕೋಟೆಗಳು, ಲಕೋಟೆಗಳಲ್ಲಿ ನೆಗೆಟಿವ್‌ಗಳು. ಕೆಲವಕ್ಕೆ ಊರು, ವರ್ಷ ಬರೆದಿದ್ದಿತು; ಹಲವಕ್ಕೆ ಏನೂ ಇರಲಿಲ್ಲ. ಸ್ಟುಡಿಯೋದ ಚಿತ್ರ ತೆಗೆದವರು ಬೇರೆ ಯಾರೋ. ಅದು ಅಲ್ಲಿರಲು ಸಾಧ್ಯವಿಲ್ಲ. ಆದರೆ 'ಸಿರುಗುಪ್ಪ, ಮದುವೆ, 1978' ಎಂದು ಬರೆದಿದ್ದ ಲಕೋಟೆಯೊಂದು ಅವರ ನೆನಪಿನಲ್ಲಿತ್ತು. ಆ ಮದುವೆ ರೈತರ ಬಂಧುಗಳದೇ. ಐವರೂ ಕಿಟಕಿಯ ಬೆಳಕಿಗೆ ನೆಗೆಟಿವ್‌ಗಳನ್ನು ಹಿಡಿದು ನೋಡತೊಡಗಿದರು. ನೆಗೆಟಿವ್‌ನಲ್ಲಿ ಕಪ್ಪುಕೂದಲು ಬೆಳ್ಳಗೆ, ಬೆಳಗಿದ ಮುಖ ಕಪ್ಪಗೆ. ಹೆತ್ತ ಮಗನಿಗೂ ಗುರುತು ಹತ್ತುವುದು ಕಷ್ಟ. ಅಕ್ಕನವರು ಒಂದೊಂದನ್ನೇ ಮೊಬೈಲಿನಲ್ಲಿ ಹಿಡಿದು ಬಣ್ಣ ಮರಳಿಸಿ ತೋರಿಸುತ್ತ ಬಂದರು.

ಏಳನೆಯ ಚಿತ್ರದಲ್ಲಿ ಬೀಗರ ಗುಂಪಿನ ಎರಡನೆಯ ಸಾಲಿನಲ್ಲಿ, ಕಂಕುಳಲ್ಲಿ ಯಾರದೋ ಕೂಸನ್ನು ಎತ್ತಿಕೊಂಡು ಒಬ್ಬ ಹೆಣ್ಣುಮಗಳು ನಿಂತಿದ್ದರು. ಕೂಸು ಅವರ ಮೂಗುತಿಗೆ ಕೈಹಾಕಿತ್ತು. ರೈತರು ಬಹಳ ಹೊತ್ತು ನೋಡಿದರು. "ಅವ್ವ ನಗುತ್ತಿದ್ದಾಳೆ" ಎಂದರು. ಸ್ವಲ್ಪ ತಡೆದು, "ಆ ಫೋಟೋದಲ್ಲಿ ನಕ್ಕಿರಲಿಲ್ಲ. ಅಲುಗಬೇಡಿ ಎಂದು ಹೆದರಿಸಿದ್ದರಂತೆ" ಎಂದರು. ತಾತನವರು ಕನ್ನಡಕ ತೆಗೆದು ಒರೆಸಿಕೊಂಡರು.

ಆ ದಿನದ ಹರಟೆ ಬೇರೆ ದಾರಿ ಹಿಡಿಯಿತು. ಮೇಷ್ಟರು ಎರಡು ಸಂಗತಿಗಳನ್ನು ಹೇಳಿದರು. ಬಳ್ಳಾರಿಗೆ ಸಮೀಪದ ಸಂಗನಕಲ್ಲು, ಕಪ್ಪಗಲ್ಲು ಗ್ರಾಮಗಳ ಬೆಟ್ಟಗಳಲ್ಲಿ ನವಶಿಲಾಯುಗದ ಜನ ಬಂಡೆಗಳ ಮೇಲೆ ಕುಟ್ಟಿ ಕೆತ್ತಿದ ಉದ್ದಕೊಂಬಿನ ದನಗಳ, ಮನುಷ್ಯರ ಚಿತ್ರಗಳಿವೆ. ಬಡಿದರೆ ಗಂಟೆಯಂತೆ ನಾದಗೊಡುವ ಬಂಡೆಗಳೂ ಇವೆ. ಇವುಗಳ ಬಗ್ಗೆ 1892ರಲ್ಲಿಯೇ ಲೇಖನ ಪ್ರಕಟವಾಗಿತ್ತು. ಆದರೆ ಆ ಕಾಲದ ಕೆಲವೇ ಛಾಯಾಚಿತ್ರಗಳಲ್ಲಿ ಮದರಾಸಿನ ವಸ್ತುಸಂಗ್ರಹಾಲಯದಲ್ಲಿದ್ದವು ಕಳೆದುಹೋದುವು, ಲಂಡನ್ನಿನಲ್ಲಿದ್ದವು ಮಸುಕಾದುವು. ಹಿಂದಿನಿಂದ ಬಂದ ಅನ್ವೇಷಕರಿಗೆ ಆ ಸ್ಥಳವನ್ನು ಗುರುತಿಸುವುದೇ ಕಷ್ಟವಾಯಿತು. ವಿದ್ವಾಂಸರು ಮತ್ತೆ ಅಧ್ಯಯನ ಮಾಡಿ 2004ರಲ್ಲಿ ಲೋಕಕ್ಕೆ ತಿಳಿಸುವ ಹೊತ್ತಿಗೆ ಕಲ್ಲುಗಣಿಗಾರಿಕೆ ಬೆಟ್ಟವನ್ನು ಮುಟ್ಟಿಯಾಗಿತ್ತು.

ಇನ್ನೊಂದು ಸಂಗತಿ ಹಂಪೆಯದು. ಹಿಂದೆ ಬಳ್ಳಾರಿ ಜಿಲ್ಲೆಯಲ್ಲಿದ್ದು, 2021ರಿಂದ ವಿಜಯನಗರ ಜಿಲ್ಲೆಗೆ ಸೇರಿರುವ ಹಂಪೆಯನ್ನು 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೈನ್ಯಾಧಿಕಾರಿ ಮೇಣ ಸವರಿದ ಕಾಗದದ ನೆಗೆಟಿವ್‌ಗಳ ಮೇಲೆ ಹಿಡಿದನು. ಆ ಕಾಗದಗಳು ಬಹುಕಾಲ ಯಾರ ಗಮನಕ್ಕೂ ಬಾರದೆ ಇದ್ದು, ನೂರಕ್ಕೂ ಹೆಚ್ಚು ವರ್ಷಗಳ ಮೇಲೆ ಬೆಳಕಿಗೆ ಬಂದುವು. 1983ರಲ್ಲಿ ಆಸ್ಟ್ರೇಲಿಯದ ಜಾನ್ ಗಾಲಿಂಗ್ಸ್ ಅವನ್ನು ಆಧಾರವಾಗಿಟ್ಟುಕೊಂಡು, ಗ್ರೀನ್‌ಲಾ ನಿಂತಿದ್ದ ಜಾಗಗಳಲ್ಲಿಯೇ ನಿಂತು ಮತ್ತೆ ಚಿತ್ರ ತೆಗೆದರು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದವರಿಗೆ ನಡುವಣ ಕಾಲದಲ್ಲಿ ಏನು ಉಳಿಯಿತು, ಏನು ಬಿದ್ದಿತು ಎಂಬುದು ಕಣ್ಣಿಗೆ ಕಟ್ಟುತ್ತದೆ. "ಒಂದು ಕಡೆ ಚಿತ್ರ ಅಳಿದು ಕಲ್ಲೇ ಮರೆಯಾಯಿತು, ಇನ್ನೊಂದು ಕಡೆ ಕಾಗದ ಉಳಿದು ಬಿದ್ದ ಕಲ್ಲೂ ನೆನಪಾಯಿತು" ಎಂದು ಮೇಷ್ಟರು ಮಾತು ಮುಗಿಸಿದರು.

ಹುಡುಗನು ತನ್ನ ಅನುಭವದಿಂದ ಒಂದು ನಿಯಮ ಹೇಳಿದನು. ಬೇಕಾದ ಚಿತ್ರಕ್ಕೆ ಮೂರು ಪ್ರತಿಗಳಿರಬೇಕು. ಅವು ಒಂದೇ ಬಗೆಯ ಸಾಧನದಲ್ಲಿರಬಾರದು. ಒಂದು ಪ್ರತಿ ಬೇರೆ ಊರಿನಲ್ಲಿರಬೇಕು. ಬಳ್ಳಾರಿಯ ಯಂತ್ರ ಕೆಟ್ಟರೆ ಕುರುಗೋಡಿನದು ಇರಲಿ, ಅದೂ ಕೆಟ್ಟರೆ ಸಿರುಗುಪ್ಪದ ಪೆಟ್ಟಿಗೆಯಲ್ಲಿ ಕಾಗದದ ಮೇಲೆ ಅಚ್ಚಾದುದು ಇರಲಿ. ತಾತನವರು ತಮ್ಮ ನಿಯಮವೊಂದನ್ನು ಅದಕ್ಕೆ ಸೇರಿಸಿದರು. ಚಿತ್ರದ ಹಿಂದೆ ಹೆಸರು, ಊರು, ವರ್ಷ ಬರೆಯಬೇಕು. ಹೆಸರಿಲ್ಲದ ಮುಖವು ಎರಡನೆಯ ತಲೆಮಾರಿಗೆ ಅಪರಿಚಿತವಾಗುತ್ತದೆ, ಮೂರನೆಯ ತಲೆಮಾರಿಗೆ ಕಸವಾಗುತ್ತದೆ.

ಅಂದಿನಿಂದ ಆ ಐವರ ಕೂಟಕ್ಕೆ ಹೊಸದೊಂದು ಕೆಲಸ ದೊರೆಯಿತು. ಟ್ರಂಕಿನಿಂದ ಪ್ರತಿಸಲವೂ ಹತ್ತು ಲಕೋಟೆಗಳನ್ನು ತೆಗೆಯುತ್ತಾರೆ. ಹುಡುಗನು ಅವುಗಳಿಗೆ ಪ್ರತಿ ಮಾಡುತ್ತಾನೆ. ಮೇಷ್ಟರು ಈಗ ಯೂನಿಕೋಡಿನಲ್ಲಿಯೇ ವಿವರ ಬರೆಯುತ್ತಾರೆ. ಅಕ್ಕನವರೂ ರೈತರೂ ಆಯಾ ಊರಿಗೆ ಹೋಗಿ, ಕಟ್ಟೆಯ ಮೇಲೆ ಕುಳಿತ ಮುದುಕರಿಗೆ ಚಿತ್ರ ತೋರಿಸಿ, ಇವರು ಯಾರು, ಯಾರ ಮನೆಯವರು ಎಂದು ವಿಚಾರಿಸುತ್ತಾರೆ. ಕೆಲವು ಮುಖಗಳಿಗೆ ಹೆಸರು ಸಿಗುತ್ತದೆ. ಕೆಲವಕ್ಕೆ, "ಹೋದ ವರ್ಷ ಬಂದಿದ್ದರೆ ನಮ್ಮ ಅಣ್ಣ ಹೇಳುತ್ತಿದ್ದ" ಎಂಬ ಉತ್ತರ ಸಿಗುತ್ತದೆ. ಆದುದರಿಂದಲೇ ಅವರಿಗೆ ಅವಸರ. ಕ್ಯಾಮೆರಾ ಕೆಟ್ಟರೆ ಇನ್ನೊಂದನ್ನು ಕೊಳ್ಳಬಹುದು, ಕಂಪ್ಯೂಟರು ಕೆಟ್ಟರೆ ಹುಡುಗನ ಅಂಗಡಿಯಿದೆ; ಹೆಸರು ಹೇಳಬಲ್ಲ ಹಿರಿಯರು ಮಾತ್ರ ಎಷ್ಟು ದಿನ ಕಟ್ಟೆಯ ಮೇಲೆ ಕುಳಿತಿರುವರೆಂದು ಯಾರೂ ಹೇಳಲಾರರು.